ಬಾಂಬ್ ಬೆದರಿಕೆ ಬಂದರೂ ಮಹಾನಗರದ ಜನ ಮರುದಿನವೇ ಕೆಲಸಕ್ಕೆ ಹೋಗುತ್ತಾರಲ್ಲ, ಭಯವೇ ಇಲ್ವಾ?

ಭಯ ಇರುತ್ತದೆ, ಆದರೆ ಬಾಡಿಗೆ ಕಟ್ಟಬೇಕಲ್ವಾ! 2005ರ ಜುಲೈ 7ರಂದು ಲಂಡನ್‌ನಲ್ಲಿ ಮೂರು ಸುರಂಗ ರೈಲು, ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ಸುರಂಗ ರೈಲೆಲ್ಲ ನಿಂತಿತು, ಸಾವಿರಾರು ಜನ ಆಫೀಸಿನ ಬಟ್ಟೆಯಲ್ಲೇ ಮೈಲಿಗಟ್ಟಲೆ ನಡೆದು ಮನೆ ಸೇರಿದರು, ಮರುದಿನ ಎಷ್ಟೋ ಮಂದಿ ಮತ್ತೆ ಅದೇ ರೈಲು ಹತ್ತಿದರು. ಇದನ್ನು ಸುಮ್ನೆ ಧೈರ್ಯ ಅಂತ ಹೊಗಳುತ್ತಾರೆ, ನನಗೆ ಅರ್ಧ ಅನಿವಾರ್ಯತೆ ಅನಿಸುತ್ತದೆ. ಭಯ ಸಣ್ಣದರಲ್ಲಿ ಕಾಣುತ್ತದೆ. ಸೀಟಿನ ಕೆಳಗೆ ಯಾರದೋ ಬ್ಯಾಗ್ ಇದ್ದರೆ ಎಲ್ಲರ ಕಣ್ಣೂ ಅಲ್ಲೇ.

ಕೆಲವೊಮ್ಮೆ ಭಯವೇ ಜಾಸ್ತಿ ಅಪಾಯ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಬಹಳ ಜನ ವಿಮಾನ ಬಿಟ್ಟು ಕಾರು ಹಿಡಿದರು, ರಸ್ತೆ ಅಪಘಾತದ ಸಾವುಗಳೇ ಹೆಚ್ಚಾದವು.