ಟೆಂಪರೇಚರ್ ಮುಳ್ಳು ಎಚ್ ಮುಟ್ಟಿದರೂ ರೇಡಿಯೇಟರ್ ಯಾಕೆ ಕುದಿಯುವುದಿಲ್ಲ?

ನೀವು ಕೇಳಿದ್ದು ಇಷ್ಟು: ಉಡುಪಿಯಲ್ಲಿ ಇದ್ದೀರಿ, ಮಾವನವರಿಂದ ಬಂದ 1974ರ ಟ್ರಯಂಫ್ ಸ್ಪಿಟ್‌ಫೈರ್ ಉಂಟು. ಇಪ್ಪತ್ತು ನಿಮಿಷ ಓಡಿಸಿದ ಮೇಲೆ ಟೆಂಪರೇಚರ್ ಮುಳ್ಳು ನಿಧಾನಕ್ಕೆ ಎಚ್‌ಗೆ (ಹಾಟ್, ಬಿಸಿಯ ಗುರುತು) ಹೋಗಿ ಕೂರುತ್ತದೆ. ನೀರು ಕುದಿಯುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ರೇಡಿಯೇಟರ್ ತೊಳೆಸಿ ಆಯಿತು, ಥರ್ಮೋಸ್ಟ್ಯಾಟ್ ಬದಲಿಸಿ ಆಯಿತು, ಈಗ ಗ್ಯಾರೇಜಿನವರು ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಬಿಚ್ಚಬೇಕು ಅನ್ನುತ್ತಿದ್ದಾರೆ. ಕಡೆಯಲ್ಲಿ ಒಂದು ಸಾಲು ಬರೆದಿದ್ದೀರಿ: "ಪೆಟ್ರೋಲ್ ಮೀಟರೂ ಸ್ವಲ್ಪ ಜಾಸ್ತಿ ತೋರಿಸುತ್ತದೆ, ಅದು ಬೇರೆ ವಿಷಯ ಬಿಡಿ."

ಬಿಡುವುದು ಹೇಗೆ ಮಾರಾಯ್ರೆ, ಅದೇ ವಿಷಯ! ಸದ್ಯಕ್ಕೆ ಹೆಡ್ಡಿಗೆ ಯಾರೂ ಸ್ಪ್ಯಾನರ್ ಹಾಕದ ಹಾಗೆ ನೋಡಿಕೊಳ್ಳಿ.

ನಾನು ಮಂಗಳೂರಿನಲ್ಲಿ ಆಟೋ ಇಲೆಕ್ಟ್ರಿಕ್ ಕೆಲಸ ಮಾಡುವವ. ದಿನಾ ಬರುವುದು ಓಮ್ನಿ, ಆಲ್ಟೋ, ಮೀನಿನ ಟೆಂಪೋ. ಸ್ಪೋರ್ಟ್ಸ್ ಕಾರು ಅಂತ ಕೈಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ನಿಮ್ಮ ಗಾಡಿಯ ಅಣ್ಣನೋ ತಮ್ಮನೋ ಆಗಬೇಕು, ಕುಂದಾಪುರ ಕಡೆಯವರದ್ದು. ಅವರ ದೂರು ಅಕ್ಷರಕ್ಕೆ ಅಕ್ಷರ ನಿಮ್ಮದೇ. ನಾನೂ ಮೊದಲು ಪೆಟ್ರೋಲ್ ಮುಳ್ಳಿನ ಕಡೆ ನೋಡಿರಲಿಲ್ಲ. ಆ ದಡ್ಡತನದ ಕತೆ ಆಮೇಲೆ ಹೇಳುತ್ತೇನೆ.

ಈ ಕಾರಿನ ಸ್ಮಿತ್ಸ್ ಮೀಟರುಗಳ ಒಳಗೆ ಎರಡು ಬಗೆಯ ಲೋಹ ಬೆಸೆದ ಸಣ್ಣ ಪಟ್ಟಿ ಇರುತ್ತದೆ, ಅದಕ್ಕೆ ಸಪೂರ ತಂತಿ ಸುತ್ತಿರುತ್ತದೆ. ಕರೆಂಟು ಹರಿದು ತಂತಿ ಬಿಸಿಯಾದಷ್ಟು ಪಟ್ಟಿ ಬಾಗಿ ಮುಳ್ಳು ಏಳುತ್ತದೆ. ಮುಳ್ಳು ಗಕ್ಕನೆ ಜಿಗಿಯದೆ ಸೋಮಾರಿಯ ಹಾಗೆ ಏಳುವುದು ಇದಕ್ಕೇ. ಇಂಜಿನ್ನಿನ ಹತ್ತಿರ ನೀರಿನ ಬಿಸಿ ಅಳೆಯಲಿಕ್ಕೆ ಇರುವ ಸೆಂಡರ್ ಬಿಸಿಯಾದಷ್ಟು ತನ್ನ ತಡೆ ಇಳಿಸುತ್ತದೆ, ಆಗ ಕರೆಂಟು ಹೆಚ್ಚು ಹರಿಯುತ್ತದೆ. ಆದರೆ ಬ್ಯಾಟರಿಯ ವೋಲ್ಟೇಜ್ ಒಂದೇ ಕಡೆ ನಿಲ್ಲುವುದಿಲ್ಲವಲ್ಲ, ಇಂಜಿನ್ ಬಂದ್ ಇದ್ದಾಗ 12 ಚಿಲ್ಲರೆ, ಓಡುವಾಗ 14ರ ಹತ್ತಿರ. ಅದಕ್ಕೆ ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಒಂದು ತಗಡಿನ ಡಬ್ಬಿ ಇಟ್ಟಿದ್ದಾರೆ, ವೋಲ್ಟೇಜ್ ಸ್ಟೆಬಿಲೈಸರ್. ಟಿವಿ, ಫ್ರಿಜ್ಜಿಗೆ ಇಡುತ್ತೇವಲ್ಲ, ಹೆಸರು ಅದೇ, ಗಾತ್ರ ಮಾತ್ರ ಇಷ್ಟೇ. ಅದು ಕರೆಂಟನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಸರಾಸರಿ 10 ವೋಲ್ಟ್ ಮಾಡಿ ಕೊಡುತ್ತದೆ. ಕೊಡುವುದು ಎರಡೇ ಮೀಟರಿಗೆ: ಟೆಂಪರೇಚರ್ ಮತ್ತು ಪೆಟ್ರೋಲ್.

ಡಬ್ಬಿಯ ಒಳಗೂ ಅಂಥದ್ದೇ ಪಟ್ಟಿ, ಅಂಥದ್ದೇ ತಂತಿ. ಅದು ಬಿಸಿಯಾಗಿ ಬಾಗಿದರೆ ಮಾತ್ರ ಕಾಂಟ್ಯಾಕ್ಟ್ ಬಿಡುತ್ತದೆ. ಬಿಸಿಯಾಗಲಿಕ್ಕೆ ಅರ್ಥಿಂಗ್ ಬೇಕು, ಅಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸು ಹೋಗುವ ದಾರಿ; ಆ ಅರ್ಥಿಂಗ್ ಬರುವುದು ಡಬ್ಬಿಯ ತಗಡಿನಿಂದ, ಅದನ್ನು ಹಿಡಿದಿರುವ ಸ್ಕ್ರೂ ಮೂಲಕ. ಸ್ಕ್ರೂ ಕಿಲುಬು ಹಿಡಿಯಿತೋ, ಪಟ್ಟಿ ತಣ್ಣಗೇ ಇರುತ್ತದೆ, ಕಾಂಟ್ಯಾಕ್ಟ್ ಬಿಡುವುದೇ ಇಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಎರಡೂ ಮೀಟರಿಗೆ ನುಗ್ಗುತ್ತದೆ. ತಂತಿಯ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಏರುವುದರಿಂದ 10ರ ಜಾಗದಲ್ಲಿ 14 ಬಂದರೆ ಬಿಸಿ ಹೆಚ್ಚುಕಡಿಮೆ ಎರಡು ಪಾಲು. ಇಂಜಿನ್ ಸರಿಯಾಗಿಯೇ ಇದ್ದರೂ ಮುಳ್ಳು ಎಚ್ ಮುಟ್ಟುತ್ತದೆ. ಅರ್ಥ್ ಇಲ್ಲದ ಮೀಟರು ಹೇಳುವುದಕ್ಕೆ ಅರ್ಥವೂ ಇಲ್ಲ ಅಂತ ನಮ್ಮ ಗುರುಗಳು ಹೇಳುವುದಿತ್ತು.

ಹಾಗಾಗಿ ಮೊದಲ ಪರೀಕ್ಷೆಗೆ ಬೇಕಾದದ್ದು ಒಂದು ಉದ್ದ ವಯರು. ಇಂಜಿನ್ ಓಡಿಸಿ, ಮುಳ್ಳು ಎಚ್ ಹತ್ತಿರ ಬರುವ ತನಕ ಕಾಯಿರಿ. ವಯರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಟ್ಟಿ, ಇನ್ನೊಂದನ್ನು ಆ ಡಬ್ಬಿಯ ತಗಡಿಗೆ ಒತ್ತಿ ಹಿಡಿಯಿರಿ. ತಗಡಿಗೆ ಮಾತ್ರ. ಬಿ (ಬ್ಯಾಟರಿ ಕಡೆಯದ್ದು), ಐ (ಮೀಟರಿನ ಕಡೆಯದ್ದು) ಅಂತ ಗುರುತಿರುವ ಟರ್ಮಿನಲ್ಲಿಗೆ ತಾಗಿದರೆ ಶಾರ್ಟ್ ಆಗಿ ಫ್ಯೂಸ್ ಹೋಗಬಹುದು. ಒಂದೆರಡು ನಿಮಿಷದಲ್ಲಿ ಎರಡೂ ಮುಳ್ಳು ಜೊತೆಯಾಗಿ ಇಳಿದರೆ ನಿಮ್ಮ ರೋಗ ಸಿಕ್ಕಿತು.

ಇಳಿಯದಿದ್ದರೆ ಐ ಟರ್ಮಿನಲ್ಲಿಗೂ ಬಾಡಿಗೂ ನಡುವೆ ಸಣ್ಣ 12 ವೋಲ್ಟ್ ಬಲ್ಬು ಹಿಡಿಯಿರಿ. ಡಬ್ಬಿ ಒಳ್ಳೆಯದಿದ್ದರೆ ಬಲ್ಬು ಸ್ವಲ್ಪ ಹೊತ್ತು ಉರಿದು ಆಮೇಲೆ ಮಿಣುಕುತ್ತದೆ. ಅರ್ಥಿಂಗ್ ಕೊಟ್ಟ ಮೇಲೂ ಮಿಣುಕದೆ ಒಂದೇ ಸಮ ಉರಿದರೆ ಡಬ್ಬಿ ಸತ್ತಿದೆ. ಡಿಜಿಟಲ್ ಮಲ್ಟಿಮೀಟರ್ ಇಲ್ಲಿ ಬರೇ ತಲೆನೋವು, ಅಂಕಿ ಮೇಲೆ ಕೆಳಗೆ ಕುಣಿಯುತ್ತದೆ, ಅದನ್ನು ನೋಡಿ ಒಳ್ಳೆಯ ಡಬ್ಬಿಯನ್ನು ಬಿಸಾಡಿದವರೂ ಇದ್ದಾರೆ.

ಈಗ ನನ್ನ ದಡ್ಡತನ. ಕುಂದಾಪುರದ ಗಾಡಿಗೆ ನಾನು ನೇರ ಸೆಂಡರ್ ಬದಲಿಸಿದೆ. ನೀರು ಸೋರಬಾರದು ಅಂತ ನಲ್ಲಿಗೆ ಸುತ್ತುವ ಹಾಗೆ ಟೆಫ್ಲಾನ್ ಟೇಪ್ ದಪ್ಪಕ್ಕೆ ಸುತ್ತಿದೆ. ಮುಳ್ಳು ಏಳಲೇ ಇಲ್ಲ. ರಿಪೇರಿ ಆಯಿತು ಅಂತ ಗಾಡಿ ಕೊಟ್ಟು ದುಡ್ಡೂ ತೆಗೆದುಕೊಂಡೆ. ಎರಡು ದಿನ ಬಿಟ್ಟು ಅವರ ಫೋನು: "ಮುಳ್ಳು ಸಿ (ಕೋಲ್ಡ್) ಬಿಟ್ಟು ಕದಲುವುದೇ ಇಲ್ಲವಲ್ಲ." ಸೆಂಡರಿಗೆ ಅರ್ಥಿಂಗ್ ಸಿಗುವುದು ಅದರ ತಿರುಪಿನ ಸುತ್ತುಗಳಿಂದಲೇ, ನಾನು ಟೇಪ್ ಸುತ್ತಿ ಅದನ್ನೇ ಕಡಿದಿದ್ದೆ! ಟೇಪ್ ತೆಗೆದದ್ದೇ ತಡ, ಮುಳ್ಳು ಪುನಃ ಎಚ್‌ಗೆ. ಆಗ ಡ್ಯಾಶ್‌ಬೋರ್ಡ್ ಬಿಚ್ಚಿದೆ. ಹಳೆಯ ಮರ ಕುಂಬಾಗಿತ್ತು ಅಂತ ಅವರು ಊರಿನ ಆಚಾರಿಯಿಂದ ಸಾಗುವಾನಿಯದ್ದು ಮಾಡಿಸಿದ್ದರು. ಪಾಲಿಶು ಎಂಥದ್ದು ಅಂತೀರಿ, ಮುಖ ಕಾಣುತ್ತಿತ್ತು. ಅದನ್ನು ಕೂರಿಸಿದವರು ಸ್ಟೆಬಿಲೈಸರ್ ಡಬ್ಬಿಯನ್ನು ಚಂದಕ್ಕೆ ಆ ಮರಕ್ಕೇ ಸ್ಕ್ರೂ ಹೊಡೆದಿದ್ದರು. ಮರಕ್ಕೆ ಎಂಥ ಅರ್ಥಿಂಗ್! ಒಂದು ಗೇಣು ಕಪ್ಪು ವಯರು ಎಳೆದು ಬಾಡಿಗೆ ಬಿಗಿದೆ, ಮುಗಿಯಿತು. ಮೊದಲು ತೆಗೆದುಕೊಂಡ ದುಡ್ಡು ವಾಪಸು ಕೊಟ್ಟೆ, ಅವರು ತೆಗೆದುಕೊಳ್ಳಲಿಲ್ಲ.

ಸೆಂಡರ್ ಪರೀಕ್ಷೆಯೂ ಮಾಡಿ, ಅರ್ಧ ನಿಮಿಷದ ಕೆಲಸ. ಅದು ವಾಟರ್ ಪಂಪಿನ ಹೌಸಿಂಗಿನಲ್ಲಿ ಉಂಟು, ವಯರು ಹಸಿರು, ಮೇಲೆ ನೀಲಿ ಗೆರೆ. ಇಗ್ನಿಷನ್ ಹಾಕಿ ವಯರು ಕಳಚಿದರೆ ಮುಳ್ಳು ಸಿ ಕಡೆ ಬೀಳಬೇಕು. ಬೀಳದಿದ್ದರೆ ದಾರಿಯಲ್ಲಿ ಎಲ್ಲೋ ವಯರು ಸವೆದು ಬಾಡಿಗೆ ತಾಗುತ್ತಿದೆ. ಕಳಚಿದ ವಯರನ್ನು ಇಂಜಿನ್ನಿನ ಲೋಹಕ್ಕೆ ಮುಟ್ಟಿಸಿದರೆ ಮುಳ್ಳು ಏಳಬೇಕು, ಏಳಲಿಕ್ಕೆ ಶುರುವಾದ ಕೂಡಲೇ ತೆಗೆಯಿರಿ, ಹೆಚ್ಚು ಹೊತ್ತು ಹಿಡಿದರೆ ಮೀಟರಿನ ತಂತಿ ಸುಡುತ್ತದೆ.

ಇಷ್ಟೆಲ್ಲ ಹೇಳಿದ್ದು ಇಂಜಿನ್ ನಿಜಕ್ಕೂ ಬಿಸಿಯಾಗುತ್ತಿಲ್ಲ ಅನ್ನುವ ಲೆಕ್ಕದಲ್ಲಿ. ಅದನ್ನು ಖಾತ್ರಿ ಮಾಡಿಕೊಳ್ಳಲಿಕ್ಕೆ ಜ್ವರ ನೋಡುವುದಲ್ಲ, ಗ್ಯಾರೇಜಿನಲ್ಲಿ ಇಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಯಾರ ಹತ್ತಿರವಾದರೂ ತೆಗೆದುಕೊಳ್ಳಿ. ಕಲ್ಸಂಕದಿಂದ ಕಡಿಯಾಳಿ, ಇಂದ್ರಾಳಿ ಮೇಲೆ ಮಣಿಪಾಲಕ್ಕೆ ಏರು ಹತ್ತಿಸಿ ನಿಲ್ಲಿಸಿ, ಥರ್ಮೋಸ್ಟ್ಯಾಟ್ ಹೌಸಿಂಗಿಗೆ ಹಿಡಿಯಿರಿ. ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಕಡಿಮೆ ತೋರಿಸಿ ಮೋಸ ಮಾಡುತ್ತದೆ, ಅದಕ್ಕೆ ಮೊದಲೇ ಅಲ್ಲಿ ಸ್ವಲ್ಪ ಹೊಳಪಿಲ್ಲದ ಕಪ್ಪು ಪೇಂಟ್ ಹಚ್ಚಿಡಿ. 80ರಿಂದ 95 ಡಿಗ್ರಿ ಒಳಗಿದ್ದರೆ ನಿಶ್ಚಿಂತೆ. ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಆಯಿಲ್ ಹಾಲು ಹಾಕಿದ ಚಾದ ಬಣ್ಣಕ್ಕೆ ತಿರುಗುವುದು, ನೀರು ಕಾರಣವಿಲ್ಲದೆ ಇಳಿಯುವುದು ಕಂಡರೆ ಮಾತ್ರ ಹೆಡ್ ಗ್ಯಾಸ್ಕೆಟ್ಟಿನ (ಹೆಡ್ಡಿನ ಅಡಿಯಲ್ಲಿ ಸೋರದ ಹಾಗೆ ಇಡುವ ಹಾಳೆ) ಮಾತು. ನಿಮಗೆ ನೀರು ಇಳಿಯುತ್ತಿಲ್ಲ. ಕ್ಯಾಪನ್ನು ಬಿಸಿ ಇರುವಾಗ ತೆರೆಯಬಾರದು ಅಂತ ನಿಮಗೆ ಗೊತ್ತಿರುತ್ತದೆ, ಆದರೂ ಬರೆದಿದ್ದೇನೆ.

ರಿಪೇರಿ ಸುಲಭ. ಡಬ್ಬಿಯ ಕಿವಿಯನ್ನೂ ಅದು ಕೂರುವ ಜಾಗವನ್ನೂ ಪಾಲಿಶ್ ಕಾಗದದಿಂದ ಉಜ್ಜಿ, ಬೇರೆ ಅರ್ಥ್ ವಯರು ಕೊಟ್ಟು, ಮೇಲೆ ವ್ಯಾಸಲಿನ್ ಹಚ್ಚಿ. ಮಲ್ಪೆಯ ಉಪ್ಪು ಗಾಳಿ, ಜೂನ್‌ನಿಂದ ಹಿಡಿದ ಮಳೆ, ಇವೆರಡರ ನಡುವೆ ಬರೀ ಸ್ಕ್ರೂ ನಂಬಿದರೆ ಎರಡು ಮಳೆಗಾಲದಲ್ಲಿ ಪುನಃ ಇದೇ ಹಾಡು. ಡಬ್ಬಿಯನ್ನು ಮೊದಲು ಹೇಗೆ ನಿಂತಿತ್ತೋ ಹಾಗೇ ಕೂರಿಸಿ, ತಲೆಕೆಳಗೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಡಬ್ಬಿಯೇ ಸತ್ತಿದ್ದರೆ 7810 ಅನ್ನುವ ಮೂರು ಕಾಲಿನ ಐಸಿ ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ, ಅದು ಮಿಣುಕದೆ ಸೀದಾ 10 ವೋಲ್ಟ್ ಕೊಡುತ್ತದೆ. ಬೆನ್ನನ್ನು ಬಾಡಿಯ ಲೋಹಕ್ಕೆ ಬಿಗಿದರೆ ಅದರ ಬಿಸಿಯೂ ಹೋಗುತ್ತದೆ. ನಿಮ್ಮ ಗಾಡಿ ನೆಗೆಟಿವ್ ಅರ್ಥ್ ಆದ ಕಾರಣ ತೊಂದರೆ ಇಲ್ಲ.

ಇನ್ನೊಂದು. ಇದು ಸರಿಯಾದ ಕೂಡಲೇ ಪೆಟ್ರೋಲ್ ಮುಳ್ಳೂ ಕೆಳಗೆ ಬರುತ್ತದೆ, ಅರ್ಧ ಟ್ಯಾಂಕ್ ಉಂಟು ಅಂತ ನೀವು ನಂಬಿದ್ದು ಕಾಲು ಟ್ಯಾಂಕೂ ಇರಲಿಕ್ಕಿಲ್ಲ. ಮಣಿಪಾಲದ ಏರಿಗೆ ಹೋಗುವ ಮೊದಲು ಬಂಕಿಗೆ ಹೋಗಿ.