ಗೆರೆಯಿಲ್ಲದೆ ಮೂಡಿದ ಗಾಯಕಿ

ಪ್ರಶ್ನೆ: ಪ್ಯಾರಿಸಿನ ‘ಕನ್ಸರ್ಟ್ ಯುರೋಪಿಯನ್’ ಎಂಬ ಗಾಯನ ಸಭಾಂಗಣವನ್ನು ಫ್ರೆಂಚ್ ಚಿತ್ರಕಾರ ಜಾರ್ಜ್ ಸ್ಯೂರಾ 1880ರ ದಶಕದಲ್ಲಿ ಚಿತ್ರಿಸಿದ ಕಪ್ಪು-ಬಿಳುಪು ಚಿತ್ರದಲ್ಲಿ ಗಾಯಕಿ ಚಿಕ್ಕವಳಾಗಿಯೂ ಪ್ರೇಕ್ಷಕರ ತಲೆಗಳು ದೊಡ್ಡದಾಗಿಯೂ ಇವೆ, ಮುಖಗಳು ಸ್ಪಷ್ಟವಿಲ್ಲ. ಇದು ಅಪೂರ್ಣ ಚಿತ್ರವೇ?
– ಚಿತ್ರಕಲಾ ಅಧ್ಯಾಪಕಿ, ಬದಿಯಡ್ಕ

ಉತ್ತರ: ಖಂಡಿತ ಅಲ್ಲ. ನಿಮ್ಮ ಕಡೆಯ ಬಯಲಾಟಕ್ಕೆ ತಡವಾಗಿ ಹೋದವರಿಗೆ ಮುಂದಿನವರ ತಲೆಗಳ ಸಂದಿಯಲ್ಲಿ ವೇಷ ಕಾಣುವಂತೆ, ಇಲ್ಲಿ ಕಪ್ಪು ಟೋಪಿಗಳ ಆಚೆ ಬೆಳಕಿನಲ್ಲಿ ನಿಂತ ಗಾಯಕಿ ಕಾಣುತ್ತಾಳೆ. ಕಲಾವಿದರು ನೋಡುಗರನ್ನು ಬೇಕೆಂದೇ ಹಿಂದಿನ ಸಾಲಿನಲ್ಲಿ ಕೂರಿಸಿದ್ದಾರೆ. ಚಿತ್ರದ ನಿಜವಾದ ವಸ್ತು ಗಾಯಕಿಯಲ್ಲ, ಅವಳಿಗೂ ನಮಗೂ ನಡುವಿನ ಕತ್ತಲೆ ಎಂದೇ ನನ್ನ ಅಭಿಪ್ರಾಯ.

ತಂತ್ರವಂತೂ ಇನ್ನೂ ಸ್ವಾರಸ್ಯಕರ. ಕಾಂಟೆ ಕ್ರೇಯಾನ್ ಎಂಬ ಕಪ್ಪು ಬಳಪವನ್ನು ಒರಟು ಕಾಗದದ ಮೇಲೆ ಹಗುರವಾಗಿ ಎಳೆದಾಗ ಉಬ್ಬುಗಳಿಗೆ ಮಾತ್ರ ಕಪ್ಪು ಹತ್ತಿ, ತಗ್ಗುಗಳಲ್ಲಿ ಕಾಗದದ ಬಿಳುಪು ಹಾಗೆಯೇ ಉಳಿದು, ದೂರದಿಂದ ಅದು ಮಿನುಗುವ ಬೂದುಬಣ್ಣವಾಗಿ ಕಾಣುತ್ತದೆ. ಒತ್ತಿದಷ್ಟೂ ತಗ್ಗುಗಳು ತುಂಬಿ ಕತ್ತಲೆ ದಟ್ಟವಾಗುತ್ತದೆ. ಬೆಳಕಿಗೆ ಸೀಮೆಸುಣ್ಣ ಮತ್ತು ಗೌಶ್ ಎಂಬ ಅಪಾರದರ್ಶಕ ಜಲವರ್ಣವನ್ನೂ ಬಳಸಿದ್ದಾರೆ. ಹೊರಗೆರೆಯ ಕೆಲಸವನ್ನು ಛಾಯೆಗಳ ವೈದೃಶ್ಯವೇ ಮಾಡುತ್ತದೆ: ಬೆಳಕಿನ ಆಕೃತಿಯ ಅಂಚಿಗೆ ತಾಗಿದ ಹಿನ್ನೆಲೆ ಕಪ್ಪಾದರೆ ಆಕೃತಿ ತಾನಾಗಿ ಮುಂದೆ ಬರುತ್ತದೆ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ಬಗೆಯನ್ನು ರಸಾಯನ ವಿಜ್ಞಾನಿ ಶೆವ್ರೆಲ್ 1839ರಲ್ಲೇ ವಿವರಿಸಿದ್ದರು. ಸ್ಯೂರಾ ಅದನ್ನು ಓದಿಕೊಂಡಿದ್ದರು.

ಮಕ್ಕಳಿಂದ ಇದನ್ನು ಮಾಡಿಸುವುದಾದರೆ ನುಣುಪು ಡ್ರಾಯಿಂಗ್ ಶೀಟು ಬೇಡ, ಬೆರಳಿನಿಂದ ತಿಕ್ಕುವುದಂತೂ ಬೇಡವೇ ಬೇಡ. ತಿಕ್ಕಿದರೆ ತಗ್ಗುಗಳಲ್ಲಿ ಉಳಿದ ಬಿಳುಪೆಲ್ಲ ಮಾಸಿಹೋಗುತ್ತದೆ.