ಪಟ್ಟಿ ಬೇಡಮ್ಮ, ಒಬ್ಬ ಪಾದ್ರಿಯ ಕಥೆ ಕೇಳಿ

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ತಾಯಿಯೊಬ್ಬರು ಈ ಪತ್ರ ಬರೆದಿದ್ದಾರೆ. ಮಗಳು ಎರಡನೇ ಪಿಯುಸಿ, ಸೈನ್ಸ್ ಓದುತ್ತಿದ್ದಾಳೆ. ಈಚೆಗೆ ಸಂಜೆ ದೀಪ ಹಚ್ಚುವುದನ್ನು ಬಿಟ್ಟಿದ್ದಾಳೆ. ‘ಸೈನ್ಸ್ ಓದೋರು ದೇವರನ್ನ ನಂಬೋಕಾಗಲ್ಲಮ್ಮ’ ಎನ್ನುತ್ತಾಳಂತೆ. ತಾಯಿ ವಾಟ್ಸಾಪಿನಲ್ಲಿ ಬಂದ ಪಟ್ಟಿಯೊಂದನ್ನು ತೋರಿಸಿದರು. ನ್ಯೂಟನ್, ಫ್ಯಾರಡೆ, ಐನ್‌ಸ್ಟೈನ್, ರಾಮಾನುಜನ್, ಎಲ್ಲರೂ ದೈವಭಕ್ತರು ಎಂದಿತ್ತು ಅದರಲ್ಲಿ. ಮಗಳು ನಕ್ಕುಬಿಟ್ಟಳು. ‘ಇನ್ನೂ ದೊಡ್ಡ ಪಟ್ಟಿ ಪ್ರಕಟಿಸಿ, ಅವಳ ಬಾಯಿ ಮುಚ್ಚಿಸಬೇಕು’ ಎಂದು ತಾಯಿ ಕೇಳಿದ್ದಾರೆ.

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದೀಪದ ಮಾತು ಬಂದ ಕಡೆ ನನ್ನ ಮನಸ್ಸೂ ಭಾರವಾಯಿತು. ಆದರೆ ಪಟ್ಟಿ ಕೊಡಲಾರೆ. ನಿಮ್ಮ ಹತ್ತಿರ ಇರುವ ಪಟ್ಟಿಯಿಂದಲೇ ಒಂದು ಹೆಸರು ತೆಗೆಯಬೇಕಾಗಿದೆ. ಐನ್‌ಸ್ಟೈನ್ ದೇವರು ಎಂಬ ಪದ ಬಳಸುತ್ತಿದ್ದರು, ನಿಜ. ಜಗತ್ತಿನ ಹೊಂದಾಣಿಕೆಯಲ್ಲಿ ಕಾಣುವ ತತ್ವಜ್ಞಾನಿ ಸ್ಪಿನೋಜಾನ ದೇವರನ್ನು ನಂಬುತ್ತೇನೆ, ಮನುಷ್ಯರ ಹಣೆಬರಹ ನೋಡಿಕೊಳ್ಳುವ ದೇವರನ್ನು ನಂಬುವುದಿಲ್ಲ ಎಂದು 1929ರಲ್ಲಿ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ನಾವು ದೀಪ ಹಚ್ಚಿ ಕೈಮುಗಿಯುವ ದೇವರು ಇದಲ್ಲ ಅಲ್ವಾ? ನಿಮ್ಮ ಮಗಳಿಗೆ ಇದು ಗೊತ್ತಿದ್ದರೆ ನಗು ಬಂದದ್ದರಲ್ಲಿ ತಪ್ಪಿಲ್ಲ.

ಫ್ಯಾರಡೆ ಮಾತ್ರ ಅಪ್ಪಟ ಭಕ್ತರು. ಸ್ಯಾಂಡಮೇನಿಯನ್ ಎಂಬ ಪುಟ್ಟ ಕ್ರೈಸ್ತ ಪಂಗಡದಲ್ಲಿ ಹಿರಿಯರ ಸ್ಥಾನದಲ್ಲಿದ್ದರು, ಅಲ್ಲಿ ಉಪದೇಶವನ್ನೂ ಮಾಡುತ್ತಿದ್ದರು. ತಂತಿಯ ಸುರುಳಿಯೊಳಗೆ ಅಯಸ್ಕಾಂತ ಆಡಿಸಿದರೆ ಕರೆಂಟ್ ಹುಟ್ಟುತ್ತದೆ ಎಂದು 1831ರಲ್ಲಿ ತೋರಿಸಿಕೊಟ್ಟವರು ಅವರು. ಶರಾವತಿಯ ನೀರಿನಿಂದ ಕರೆಂಟ್ ತೆಗೆಯುವುದೂ ಅದೇ ತತ್ವದ ಮೇಲೆ.

ನ್ಯೂಟನ್ ಕೂಡ ಆಸ್ತಿಕರೇ. ಅವರ ಒಂದು ಎಡವಟ್ಟನ್ನು ಮಾತ್ರ ನೆನಪಿಡಬೇಕು. ಗ್ರಹಗಳ ಓಟ ಕಾಲ ಕಳೆದಂತೆ ಏರುಪೇರಾಗುತ್ತದೆ, ಆಗ ದೇವರು ಸರಿಪಡಿಸಬೇಕಾಗುತ್ತದೆ ಎಂಬ ಅರ್ಥದಲ್ಲಿ ಅವರು ಬರೆದರು. ಮುಂದೆ 1780ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಬಂದರು. ಗುರು, ಶನಿ ಗ್ರಹಗಳ ಓಟದಲ್ಲಿ ಕಂಡ ಏರುಪೇರಿಗೆ ನ್ಯೂಟನ್ನರ ಗುರುತ್ವವೇ ಸಾಕು ಎಂದು ಲೆಕ್ಕ ಮಾಡಿ ತೋರಿಸಿದರು. ಲೆಕ್ಕ ತಿಳಿಯದ ಕಡೆ ದೇವರನ್ನು ಕೂರಿಸಿದರೆ, ಲೆಕ್ಕ ತಿಳಿದ ದಿನ ಅವನನ್ನು ಎಬ್ಬಿಸಬೇಕಾಗುತ್ತದೆ.

ಇನ್ನು ರಾಮಾನುಜನ್. ನಾಮಕ್ಕಲ್ಲಿನ ನಾಮಗಿರಿ ತಾಯಿ ಅವರ ಮನೆದೇವರು. ದೇವಿ ಕನಸಿನಲ್ಲಿ ಬಂದು ಸೂತ್ರ ಕೊಡುತ್ತಾಳೆ ಎಂದು ಅವರೇ ಹೇಳುತ್ತಿದ್ದರಂತೆ. ನನಗೆ ಆ ಭಕ್ತಿಯ ಮೇಲೆ ತುಂಬ ಪ್ರೀತಿ. ಅದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ 1913ರಲ್ಲಿ ಅವರು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಯವರಿಗೆ ಬರೆದು ಕಳಿಸಿದ ಕೆಲವು ಮಾತು ತಪ್ಪಾಗಿದ್ದವು. ಉಳಿದ ಎಷ್ಟೋ ಸೂತ್ರಗಳು ಸರಿ ಎಂದು ಗೊತ್ತಾದದ್ದು ಯಾರಾದರೂ ಕೂತು ಸಾಧಿಸಿ ತೋರಿಸಿದ ಮೇಲೆ. ಹಾರ್ಡಿ ದೇವರನ್ನು ನಂಬದವರು. ಆದರೂ ಇಬ್ಬರೂ ಕೇಂಬ್ರಿಜ್‌ನಲ್ಲಿ ಐದು ವರ್ಷ ಜೊತೆಯಲ್ಲಿ ಕೆಲಸ ಮಾಡಿದರು. ಕಾಗದದ ಮೇಲಿನ ಗಣಿತ ಇಬ್ಬರಿಗೂ ಒಂದೇ ಆಗಿತ್ತು.

ನಾನು ನಿಜಕ್ಕೂ ಹೇಳಬೇಕೆಂದಿರುವುದು ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಬ್ಬರ ಬಗ್ಗೆ. ಜಾರ್ಜ್ ಲೆಮೈತ್ರ್, ಬೆಲ್ಜಿಯಂ ದೇಶದವರು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿ ಕಾದಾಡಿದರು. ಯುದ್ಧ ಮುಗಿದ ಮೇಲೆ ಗಣಿತ ಓದಿದರು, ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗೂ ಸೇರಿದರು. 1923ರಲ್ಲಿ ಕ್ಯಾಥೊಲಿಕ್ ಪಾದ್ರಿಯಾದರು. ವಿಶ್ವ ಹಿಗ್ಗುತ್ತಿದೆ, ಗೆಲಾಕ್ಸಿ ದೂರವಿದ್ದಷ್ಟೂ ಜಾಸ್ತಿ ವೇಗದಲ್ಲಿ ನಮ್ಮಿಂದ ದೂರ ಓಡುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ಬರೆದರು. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಐನ್‌ಸ್ಟೈನ್ ಸಿಕ್ಕಿದರು. ನಿಮ್ಮ ಲೆಕ್ಕ ಸರಿ, ಭೌತಶಾಸ್ತ್ರ ಮಾತ್ರ ಸಹಿಸೋಕಾಗದಷ್ಟು ಕೆಟ್ಟದ್ದು ಎಂಬರ್ಥದ ಮಾತು ಹೇಳಿ ಕಳಿಸಿದರು. ಎರಡು ವರ್ಷಕ್ಕೆ ಅಮೆರಿಕದ ಖಗೋಳ ವಿಜ್ಞಾನಿ ಹಬಲ್ ಗೆಲಾಕ್ಸಿಗಳ ದೂರ, ವೇಗದ ಬಗ್ಗೆ ತಮ್ಮ ಅಳತೆಗಳನ್ನು ಪ್ರಕಟಿಸಿದರು. ಕೊನೆಗೆ ಐನ್‌ಸ್ಟೈನ್ ಕೂಡ ಒಪ್ಪಿದರು.

1931ರಲ್ಲಿ ಲೆಮೈತ್ರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಡೀ ವಿಶ್ವ ಒಂದೇ ಆದಿಮ ಪರಮಾಣುವಿನಿಂದ ಶುರುವಾಗಿರಬಹುದು ಎಂದು ‘ನೇಚರ್’ ಪತ್ರಿಕೆಗೆ ಚಿಕ್ಕ ಪತ್ರ ಬರೆದರು. ನಾವು ಈಗ ಬಿಗ್ ಬ್ಯಾಂಗ್ ಎನ್ನುವುದರ ಬೀಜ ಅದು. ಆ ಪತ್ರದ ಕರಡಿನ ಕೊನೆಯಲ್ಲಿ ದೇವರ ಬಗ್ಗೆ ಒಂದು ಮಾತಿತ್ತು. ಅಚ್ಚಿಗೆ ಕಳಿಸುವ ಮೊದಲು ಅವರೇ ಅದನ್ನು ಹೊಡೆದುಹಾಕಿದರು. ಪಾದ್ರಿಯೊಬ್ಬರು ತಮ್ಮ ಕೈಯಾರೆ ಆ ಸಾಲನ್ನು ಹೊಡೆದುಹಾಕಿದ್ದನ್ನು ನೆನೆದಾಗಲೆಲ್ಲ ಅವರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಆಮೇಲೆ 1951 ಬಂತು. ಪೋಪ್ ಹನ್ನೆರಡನೇ ಪಯಸ್ ತಮ್ಮ ಭಾಷಣವೊಂದರಲ್ಲಿ, ದೇವರು ‘ಬೆಳಕಾಗಲಿ’ ಎಂದ ಆ ಗಳಿಗೆಗೇ ವಿಜ್ಞಾನ ಈಗ ಸಾಕ್ಷಿ ಹೇಳುತ್ತಿದೆ ಎಂಬಂತೆ ಮಾತಾಡಿದರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿಹೋಗುತ್ತಿದ್ದರು. ತಮ್ಮ ಸಿದ್ಧಾಂತವನ್ನು ತಮ್ಮ ಗುರುಪೀಠವೇ ಹೊಗಳುತ್ತಿದೆ! ಲೆಮೈತ್ರ್ ಅವರಿಗೆ ಕಸಿವಿಸಿಯಾಯಿತು. ನಾಳೆ ಈ ಸಿದ್ಧಾಂತ ಬಿದ್ದುಹೋದರೆ ದೇವರೂ ಬಿದ್ದನೇ? ಅವರು ರೋಮಿಗೆ ಹೋಗಿ, ವ್ಯಾಟಿಕನ್ನಿನ ವೀಕ್ಷಣಾಲಯದ ಮುಖ್ಯಸ್ಥರ ಜೊತೆ ಸೇರಿ, ಇಂಥ ಮಾತು ಬೇಡ ಎಂದು ತಿಳಿಹೇಳುವ ಪ್ರಯತ್ನ ಮಾಡಿದರು. ಮರುವರ್ಷ ಖಗೋಳ ವಿಜ್ಞಾನಿಗಳ ದೊಡ್ಡ ಸಭೆ ರೋಮಿನಲ್ಲೇ ನಡೆಯಿತು. ಅವರ ಎದುರು ಪೋಪ್ ಆ ಮಾತು ಎತ್ತಲಿಲ್ಲ. ತಮ್ಮ ಸಿದ್ಧಾಂತಕ್ಕೂ ಧರ್ಮದ ಪ್ರಶ್ನೆಗೂ ಸಂಬಂಧವಿಲ್ಲ, ದೇವರಿಲ್ಲ ಎನ್ನುವವನೂ ಅದನ್ನು ನಿರಾಳವಾಗಿ ಒಪ್ಪಬಹುದು ಎಂದು ಲೆಮೈತ್ರ್ 1958ರಲ್ಲಿ ವಿಜ್ಞಾನಿಗಳ ಮುಂದೆ ಮತ್ತೆ ಹೇಳಿದರು. ಹೀಗೆ ಹೇಳಿದವರು ಕೊನೆಯ ಉಸಿರಿನವರೆಗೂ ಪಾದ್ರಿಯಾಗೇ ಬಾಳಿದರು.

ಬಿಗ್ ಬ್ಯಾಂಗಿನ ಕಾವಿನ ಪಳೆಯುಳಿಕೆ ಆಕಾಶದ ತುಂಬ ಹರಡಿದೆ ಎಂಬುದು 1965ರಲ್ಲಿ ಗೊತ್ತಾಯಿತು. ಲೆಮೈತ್ರ್ ಆಗ ಕಾಯಿಲೆಯಲ್ಲಿದ್ದರು. ಸುದ್ದಿ ಅವರ ಕಿವಿಗೆ ಬಿತ್ತು. 1966ರ ಜೂನ್‌ನಲ್ಲಿ ತೀರಿಕೊಂಡರು.

ಅಮ್ಮಾ, ಈ ಕಥೆಯನ್ನು ಮಗಳ ಬಾಯಿ ಮುಚ್ಚಿಸಲು ಹೇಳಬೇಡಿ. ಸುಮ್ನೆ ಕೂತು ಹೇಳಿ. ಗೆಲಾಕ್ಸಿಗಳು ದೂರ ಓಡುತ್ತಿವೆ ಎಂದು ಹೇಗೆ ಕಂಡುಹಿಡಿಯುತ್ತಾರೆ ಅಂತ ಅವಳನ್ನೇ ಕೇಳಿ. ದೂರ ಓಡುವ ಗೆಲಾಕ್ಸಿಯ ಬೆಳಕು ಕೆಂಪಿನ ಕಡೆಗೆ ಸರಿಯುವ ಕೆಂಪುಪಲ್ಲಟದ ವಿಷಯ ಅವಳಿಗೆ ಗೊತ್ತಿರಬಹುದು. ಅವಳು ಹೇಳಿಕೊಡಲಿ, ನೀವು ಕಲಿಯಿರಿ. ಸಂಜೆ ದೀಪ ನೀವು ಹಚ್ಚುತ್ತಿರಿ. ಅವಳು ಹಚ್ಚುತ್ತಾಳೋ ಬಿಡುತ್ತಾಳೋ ಅವಳಿಗೆ ಬಿಡಿ. ಅವಳಿಗೂ ನಮಗೆ ಏನಾದರೂ ಬರೆಯಬೇಕು ಅನ್ನಿಸಿದರೆ ಬರೆಯಲಿ. ಇದೇ ಅಂಕಣದಲ್ಲಿ ಹಾಕುತ್ತೇನೆ, ಹೆಸರಿಲ್ಲದೆ ಬೇಕಾದರೂ ಸರಿ.

– ಸಂಪಾದಕ